ಹಿಂದಿನ ಆಕ್ಸಲ್‌ನ ಗೇರ್ ಬದಲಿಸಿದರೆ ಮಸ್ಟ್ಯಾಂಗ್ ಯಾಕೆ ಚುರುಕಾಗುತ್ತದೆ?

ಅಮೆರಿಕದಲ್ಲಿ ಹಳೆಯ ಮಸ್ಟ್ಯಾಂಗ್, ಕಮಾರೊ ಕಾರುಗಳ ಮಾರಾಟದ ಜಾಹೀರಾತು ಓದುವವರಿಗೆ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘3.73 ಗೇರ್ ಹಾಕಿಸಿದೆ’. ಕೆಲವದರಲ್ಲಿ 4.10 ಅಂತಿರುತ್ತದೆ. ಮಾರುವವರು ಅದನ್ನು ಹೆಮ್ಮೆಯಿಂದಲೇ ಬರೆದಿರುತ್ತಾರೆ. ಕೆಲಸಕ್ಕೆಂದು ಅಲ್ಲಿಗೆ ಹೋಗಿ, ನಾಲ್ಕು ಕಾಸು ಸೇರಿದ ಮೇಲೆ ಒಂದು ವಿ8 ಕಾರು ಇಟ್ಟುಕೊಳ್ಳಬೇಕು ಅಂತ ಆಸೆಪಟ್ಟ ನಮ್ಮವರಿಗೆ ಇಲ್ಲಿಂದಲೇ ಗೊಂದಲ ಶುರು. ಈ ಅಂಕಿ ಎಂಜಿನ್‌ನದ್ದಾ, ಗೇರ್‌ಬಾಕ್ಸ್‌ನದ್ದಾ? ಜಾಸ್ತಿ ಇದ್ದರೆ ಒಳ್ಳೆಯದಾ, ಕೆಟ್ಟದ್ದಾ?

ಎರಡರದ್ದೂ ಅಲ್ಲ. ಇದು ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ, ಡಿಫರೆನ್ಷಿಯಲ್ ಹೌಸಿಂಗ್‌ನ ಹೊಟ್ಟೆಯೊಳಗೆ ಕೂತಿರುವ ಒಂದು ಜೋಡಿ ಹಲ್ಲುಚಕ್ರಗಳ ಲೆಕ್ಕ. ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಕಾರನ್ನು ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ವಿಷಯ ಹಿಡಿತಕ್ಕೆ ಸಿಗಲಿ ಅಂತ ಇಲ್ಲಿ ಒಂದೇ ಕಾರನ್ನು ಹಿಡಿದು ಮಾತಾಡೋಣ. 1990ರ ಫೋರ್ಡ್ ಮಸ್ಟ್ಯಾಂಗ್ 5.0, ಐದು ಗೇರ್‌ಗಳ ಮ್ಯಾನುಯಲ್. 1979ರಿಂದ 1993ರವರೆಗೆ ಬಂದ ‘ಫಾಕ್ಸ್ ಬಾಡಿ’ ತಲೆಮಾರಿನದು. ಕಟ್ಟುನಿಟ್ಟಾಗಿ ಹೇಳುವವರು ಮಸ್ಟ್ಯಾಂಗನ್ನು ಮಸಲ್ ಕಾರ್ ಅನ್ನದೆ ಪೋನಿ ಕಾರ್ ಅನ್ನುತ್ತಾರೆ. ಅವರ ಪ್ರಕಾರ ಮಸಲ್ ಕಾರ್ ಅಂದರೆ 1964ರ ಪಾಂಟಿಯಾಕ್ ಜಿಟಿಒ ಥರದ್ದು, ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕಿದ್ದು. ಆ ಜಗಳ ನಮಗೆ ಬೇಡ. ಹಿಂದಿನ ಆಕ್ಸಲ್ ಗೇರ್ ಬದಲಿಸುವ ಚಾಳಿಗೆ ಫಾಕ್ಸ್ ಬಾಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಎಂಜಿನ್‌ನಿಂದ ಚಕ್ರದವರೆಗೆ

ಈ ಕಾರಿನಲ್ಲಿ ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಎಂಜಿನ್‌ನ ತಿರುಗುವಿಕೆ ಮೊದಲು ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಅಲ್ಲಿಂದ ಒಂದು ಉದ್ದನೆಯ ಪೈಪಿನಂಥ ಪ್ರೊಪೆಲ್ಲರ್ ಶಾಫ್ಟ್ ಕಾರಿನ ಅಡಿಯಲ್ಲಿ ಹಿಂದಕ್ಕೆ ಬರುತ್ತದೆ. ಅದರ ತುದಿಗೆ ಒಂದು ಚಿಕ್ಕ ಹಲ್ಲುಚಕ್ರ, ಅದೇ ಪಿನಿಯನ್. ಪಿನಿಯನ್ ಇನ್ನೊಂದು ದೊಡ್ಡ, ತಟ್ಟೆಯಂಥ ಹಲ್ಲುಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಅಮೆರಿಕದವರು ಅದಕ್ಕೆ ರಿಂಗ್ ಗೇರ್ ಅನ್ನುತ್ತಾರೆ. ನಮ್ಮ ಜೀಪು, ಲಾರಿ ಗ್ಯಾರೇಜುಗಳಲ್ಲಿ ಅದು ಕ್ರೌನ್. ‘ಕ್ರೌನ್ ಪಿನಿಯನ್ ಹೋಗಿದೆ ಸಾರ್’ ಅನ್ನುವ ಮಾತು ಕೇಳಿದ್ದೀರಲ್ವಾ? ಅದೇ ಜೋಡಿ.

ಈ ಜೋಡಿಗೆ ಎರಡು ಕೆಲಸ. ಒಂದು, ಉದ್ದಕ್ಕೆ ಬಂದ ತಿರುಗುವಿಕೆಯನ್ನು ಅಡ್ಡಕ್ಕೆ ತಿರುಗಿಸಿ ಚಕ್ರಗಳಿಗೆ ಕೊಡುವುದು. ಇನ್ನೊಂದು, ವೇಗ ತಗ್ಗಿಸಿ ಎಳೆತ ಹೆಚ್ಚಿಸುವುದು. ನಮಗೆ ಬೇಕಾದ್ದು ಈ ಎರಡನೆಯದು.

ಡಿಫರೆನ್ಷಿಯಲ್ ಅಂತ ಕರೆಯುವುದು ನಿಜಕ್ಕೂ ಕ್ರೌನ್‌ಗೆ ಬೋಲ್ಟ್ ಹಾಕಿ ಕೂರಿಸಿರುವ ಇನ್ನೊಂದು ಪುಟ್ಟ ಯಂತ್ರವನ್ನು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಗಟ್ಟಿಯಾಗಿ ಕಟ್ಟಿಬಿಟ್ಟರೆ ಟೈರ್ ಉಜ್ಜಿಕೊಂಡು ಹೋಗುತ್ತದೆ. ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಈ ಉಪಾಯಕ್ಕೆ ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲೇ ಪೇಟೆಂಟ್ ಪಡೆದಿದ್ದ, ಪೆಟ್ರೋಲ್ ಕಾರು ಹುಟ್ಟುವ ಎಷ್ಟೋ ಮುಂಚೆ. ಜನ ‘ಡಿಫರೆನ್ಷಿಯಲ್ ಗೇರ್ ಬದಲಿಸಿದೆ’ ಅಂದಾಗ ಈ ಪುಟ್ಟ ಯಂತ್ರ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಬದಲಾಗಿರುವುದು ಕ್ರೌನ್ ಮತ್ತು ಪಿನಿಯನ್ ಮಾತ್ರ.

3.73 ಅಂದರೆ ಏನು?

ಹಲ್ಲುಗಳ ಭಾಗಾಕಾರ, ಅಷ್ಟೇ. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11. 41ನ್ನು 11ರಿಂದ ಭಾಗಿಸಿದರೆ 3.73. ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ನಮ್ಮ 1990ರ ಮಸ್ಟ್ಯಾಂಗ್ ಫ್ಯಾಕ್ಟರಿಯಿಂದ ಬರುತ್ತಿದ್ದದ್ದು 2.73ರಲ್ಲಿ, ಅಂದರೆ 41ಕ್ಕೆ 15. ಜಾಸ್ತಿ ಕೇಳಿದವರಿಗೆ 3.08 ಇತ್ತು. ಕಾರು ಕೊಂಡವರು ಆಮೇಲೆ ಹೊರಗೆ ಹಾಕಿಸುತ್ತಿದ್ದದ್ದು 3.55, 3.73, ಇಲ್ಲವೇ 4.10.

ಯಮಹಾ ಆರ್‌ಎಕ್ಸ್ 100ಕ್ಕೆ ಹಿಂದಿನ ಸ್ಪ್ರಾಕೆಟ್ ಬದಲಿಸಿದವರನ್ನು ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಹಿಂದಿನ ಚಕ್ರಕ್ಕೆ ಜಾಸ್ತಿ ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಪಿಕಪ್ ಬರುತ್ತದೆ, ಆದರೆ ಹೈವೇಯಲ್ಲಿ ಎಂಜಿನ್ ಅರಚಿಕೊಳ್ಳುತ್ತದೆ. ಕಾರಿನಲ್ಲೂ ಅದೇ ಕಥೆ. ಬೈಕಿನಲ್ಲಿ ಚೈನ್ ಬಿಚ್ಚಿ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಕಾರಿನಲ್ಲಿ ಅದೇ ಕೆಲಸಕ್ಕೆ ಯಾಕಷ್ಟು ಗೋಳು ಅಂತ ಮುಂದೆ ನೋಡೋಣ.

41, 11, 15 ಅಂತ ಸೊಟ್ಟ ಸಂಖ್ಯೆಗಳೇ ಯಾಕೆ? 40 ಮತ್ತು 10 ಇಟ್ಟು ಸರಿಯಾಗಿ 4.00 ಮಾಡಬಹುದಿತ್ತು. ಹಾಗೆ ಮಾಡಿದರೆ ಪಿನಿಯನ್‌ನ ಒಂದು ಹಲ್ಲು ಪ್ರತಿ ಸಲವೂ ಕ್ರೌನ್‌ನ ಅವೇ ನಾಲ್ಕು ಹಲ್ಲುಗಳನ್ನು ಮುಟ್ಟುತ್ತಿರುತ್ತದೆ. ಒಂದು ಹಲ್ಲಿನಲ್ಲಿ ಸಣ್ಣ ದೋಷವಿದ್ದರೆ ಅದೇ ಜಾಗ ಸವೆಯುತ್ತಾ ಹೋಗುತ್ತದೆ. 41ಕ್ಕೆ 11 ಇಟ್ಟರೆ ಒಂದು ಹಲ್ಲು ತನ್ನ ಹಳೇ ಜೊತೆಗಾರನನ್ನು ಮತ್ತೆ ಭೇಟಿಯಾಗುವ ಹೊತ್ತಿಗೆ ಪಿನಿಯನ್ 41 ಸುತ್ತು ಮುಗಿಸಿರುತ್ತದೆ. ಸವೆತ ಎಲ್ಲಾ ಹಲ್ಲುಗಳಿಗೂ ಹಂಚಿಹೋಗುತ್ತದೆ.

ಜಾಹೀರಾತಿನ ಮಾತು ನಿಜವೋ ಸುಳ್ಳೋ ಅಂತ ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ. ಮುಂದಿನ ಚಕ್ರಕ್ಕೆ ಅಡೆ ಕೊಟ್ಟು ಗೇರ್ ನ್ಯೂಟ್ರಲ್‌ನಲ್ಲಿಡಿ. ಪ್ರೊಪೆಲ್ಲರ್ ಶಾಫ್ಟ್‌ಗೆ ಸೀಮೆಸುಣ್ಣದ ಗುರುತು ಹಾಕಿ. ಎರಡೂ ಚಕ್ರಗಳು ಒಟ್ಟಿಗೆ ಒಂದೇ ದಿಕ್ಕಿಗೆ ಪೂರ್ತಿ ಒಂದು ಸುತ್ತು ತಿರುಗಿದಾಗ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಮೂರಕ್ಕೆ ಕಡಿಮೆಯಾದರೆ ಹಳೇ 2.73 ಹಾಗೇ ಇದೆ. ಮೂರೂ ಮುಕ್ಕಾಲಿನ ಹತ್ತಿರ ಬಂದರೆ 3.73. ಹೌಸಿಂಗ್ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ಒಂದು ತಗಡಿನ ಚೀಟಿಯಲ್ಲೂ ಅಂಕಿ ಇರುತ್ತದೆ. ‘3ಎಲ್73’ ಅಂತಿದ್ದರೆ ನಡುವಿನ ‘ಎಲ್’ ಅಕ್ಷರ ಅದು ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ನೆ ಸುತ್ತಿ ಎಳೆತ ಪೋಲಾಗದಂತೆ ತಡೆಯುವ ಡಿಫರೆನ್ಷಿಯಲ್, ಅನ್ನುವುದಕ್ಕೆ ಗುರುತು. ಆದರೆ ಗೇರ್ ಬದಲಿಸಿದವರು ಚೀಟಿ ಬದಲಿಸುವುದಿಲ್ಲ. ಹಾಗಾಗಿ ಎಣಿಸುವುದೇ ಗ್ಯಾರಂಟಿ.

ಪವರ್ ಹೆಚ್ಚಾಗಲಿಲ್ಲ, ಆದರೂ ಕಾರು ಮುಂದೆ ನುಗ್ಗುತ್ತದೆ

ಗೇರ್ ಬದಲಿಸಿದರೆ ಎಂಜಿನ್‌ನಲ್ಲಿ ಒಂದು ಕುದುರೆಯೂ ಹೆಚ್ಚಾಗುವುದಿಲ್ಲ. 1990ರ ಈ ಎಂಜಿನ್‌ಗೆ ಕಂಪನಿ ಹೇಳಿದ್ದು 4,200 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ ಅಷ್ಟು ಸುತ್ತು) 225 ಹಾರ್ಸ್‌ಪವರ್, 3,200ರಲ್ಲಿ ಸುಮಾರು 407 ನ್ಯೂಟನ್ ಮೀಟರ್ ಟಾರ್ಕ್. (ಬಾಗಿಲ ಪಕ್ಕ 5.0 ಅಂತ ಬರೆದಿದ್ದರೂ ಎಂಜಿನ್‌ನ ನಿಜವಾದ ಅಳತೆ 4.94 ಲೀಟರ್. ಕಂಪನಿಯವರು ಉದಾರವಾಗಿ ರೌಂಡ್ ಮಾಡಿದ್ದಾರೆ.) ಗೇರ್ ಬದಲಿಸಿದ ಮೇಲೂ ಅವೇ ಅಂಕಿಗಳು.

ಹಾಗಾದರೆ ಬದಲಾಗುವುದೇನು? ಟಾರ್ಕ್ ಅಂದರೆ ತಿರುಚುವ ಬಲ. ಹಲ್ಲುಚಕ್ರಗಳ ಅನುಪಾತ ಎಷ್ಟೋ ಅಷ್ಟು ಪಟ್ಟು ಅದು ಹೆಚ್ಚುತ್ತದೆ, ಅಷ್ಟೇ ಪಟ್ಟು ವೇಗ ತಗ್ಗುತ್ತದೆ. ಗೇರ್‌ಬಾಕ್ಸ್‌ನ ಒಂದನೇ ಗೇರ್ 3.35. ಅದನ್ನು 2.73ರಿಂದ ಗುಣಿಸಿದರೆ 9.15. ಎಂಜಿನ್‌ನ 407 ನ್ಯೂಟನ್ ಮೀಟರ್ ಹಿಂದಿನ ಆಕ್ಸಲ್‌ಗೆ ಬರುವ ಹೊತ್ತಿಗೆ 3,700 ದಾಟಿರುತ್ತದೆ, ದಾರಿಯಲ್ಲಿ ಉಜ್ಜಾಟಕ್ಕೆ ಹೋಗುವುದನ್ನು ಬಿಟ್ಟು ಹೇಳಿದರೆ. 3.73 ಹಾಕಿದರೆ ಗುಣಲಬ್ಧ 12.5, ಆಕ್ಸಲ್‌ನಲ್ಲಿ 5,000ಕ್ಕೂ ಜಾಸ್ತಿ. ಪ್ರತಿ ಗೇರ್‌ನಲ್ಲೂ ಶೇ. 37ರಷ್ಟು ಹೆಚ್ಚು ಎಳೆತ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಎರಡನೇ ಗೇರ್‌ನಲ್ಲಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ, ಪೂರ್ತಿ ಆಕ್ಸಿಲರೇಟರ್ ತುಳಿಯುತ್ತೀರಿ ಅಂದುಕೊಳ್ಳಿ. 2.73 ಇದ್ದ ಕಾರಿನಲ್ಲಿ ಎಂಜಿನ್ ಆಗ ಸುಮಾರು 3,100 ಆರ್‌ಪಿಎಂನಲ್ಲಿರುತ್ತದೆ. ಅಲ್ಲಿ ಅದು ಕೊಡಬಲ್ಲದ್ದು 175 ಹಾರ್ಸ್‌ಪವರ್ ಆಸುಪಾಸು. 3.73 ಇದ್ದ ಕಾರಿನಲ್ಲಿ ಅದೇ ವೇಗಕ್ಕೆ 4,200 ದಾಟಿರುತ್ತದೆ, ಅಂದರೆ ಸರಿಯಾಗಿ ಪವರ್‌ನ ತುತ್ತತುದಿ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವ ಜಾಗಕ್ಕೆ ಬೇಗ ಬರುತ್ತದೆ, ಹೆಚ್ಚು ಹೊತ್ತು ಅಲ್ಲೇ ಇರುತ್ತದೆ. ಜನ ‘ಕಾರಿಗೆ ಜೀವ ಬಂತು’ ಅನ್ನುವುದು ಇದಕ್ಕೇ.

ಇಲ್ಲೊಂದು ತಕರಾರು ಎತ್ತಬಹುದು. 2.73 ಕಾರಿನವನು ಅದೇ 70ರಲ್ಲಿ ಇನ್ನೂ ಒಂದನೇ ಗೇರ್‌ನಲ್ಲೇ ಇದ್ದರೆ? ಒಳ್ಳೆಯ ಪ್ರಶ್ನೆ. 5,500 ಆರ್‌ಪಿಎಂನಲ್ಲಿ ಗೇರ್ ಬದಲಿಸುವುದಾದರೆ ಹಳೇ ಗೇರ್‌ನ ಕಾರು ಒಂದನೇ ಗೇರ್‌ನಲ್ಲಿ 74 ಕಿ.ಮೀ.ವರೆಗೆ ಓಡುತ್ತದೆ. 3.73 ಕಾರು 54ಕ್ಕೇ ಎರಡನೇ ಗೇರ್ ಕೇಳುತ್ತದೆ. ಹಾಗಾಗಿ 54ರಿಂದ 74ರ ನಡುವಿನ ಆ ಸಣ್ಣ ಕಿಂಡಿಯಲ್ಲಿ ಹಳೇ ಕಾರಿನ ಒಟ್ಟು ಅನುಪಾತ 9.15, ಹೊಸದರದ್ದು 7.42. ಅಷ್ಟು ಹೊತ್ತು ಹಳೇ ಗೇರಿಗೇ ಅನುಪಾತದ ಲಾಭ. ಮುಂದೆಯೂ ಇಂಥದ್ದೇ ಇನ್ನೊಂದು: ಹಳೇ ಕಾರು ಎರಡನೇ ಗೇರ್‌ನಲ್ಲೇ ನೂರು ದಾಟುತ್ತದೆ, ಹೊಸದಕ್ಕೆ 91ರ ಹತ್ತಿರ ಮೂರನೆಯದು ಬೇಕು. ಪ್ರತಿ ಸಲ ಕ್ಲಚ್ ತುಳಿದಾಗಲೂ ಎಳೆತ ಒಂದು ಕ್ಷಣ ನಿಲ್ಲುತ್ತದೆ. ಅಮೆರಿಕದವರ ಕಾಲು ಮೈಲಿ ಡ್ರ್ಯಾಗ್ ರೇಸ್‌ನಲ್ಲಿ ಒಟ್ಟಾರೆ ಲೆಕ್ಕ ಹಾಕಿದರೆ 3.73 ಮುಂದೆ ಬರುತ್ತದೆ. ಆದರೆ ಶೇ. 37 ಎಳೆತ ಅಂದಮಾತ್ರಕ್ಕೆ ಸಮಯವೂ ಶೇ. 37 ಇಳಿಯುತ್ತದೆ ಅಂದುಕೊಳ್ಳಬಾರದು. ಅದರ ಹತ್ತಿರಕ್ಕೂ ಬರುವುದಿಲ್ಲ.

ಟೈರ್ ಕೂಡ ಅಡ್ಡ ಬರುತ್ತದೆ. ನಿಂತಲ್ಲಿಂದ ಹೊರಡುವಾಗ ಕಾರನ್ನು ತಳ್ಳುವುದು ಕೊನೆಗೆ ಟೈರ್‌ನ ಹಿಡಿತ. ಮೂಗಿನ ಕಡೆ ಭಾರವಿರುವ ಈ ಕಾರಿನಲ್ಲಿ ಹಿಂದಿನ ಟೈರ್‌ಗಳ ಮೇಲೆ ಕೂರುವುದು ಅರ್ಧಕ್ಕಿಂತ ಕಡಿಮೆ ತೂಕ. ಸಾಧಾರಣ ಟೈರ್ ಇದ್ದರೆ 2.73ರಲ್ಲೇ ಒಂದನೇ ಗೇರ್‌ನಲ್ಲಿ ಚಕ್ರ ಸುಮ್ನೆ ಸುತ್ತಿ ಹೊಗೆ ಬರಿಸಬಹುದು. 4.10 ಹಾಕಿ ಟೈರ್ ಹಾಗೇ ಬಿಟ್ಟರೆ ಹೊಗೆ ಜಾಸ್ತಿಯಾಗುತ್ತದೆ, ಕಾರು ಬೇಗ ಹೋಗುವುದಿಲ್ಲ.

ಕಂಪನಿಯವರೇ ಯಾಕೆ ಹಾಕಿ ಕೊಡಲಿಲ್ಲ?

1960ರ ದಶಕದಲ್ಲಿ ಕೊಡುತ್ತಿದ್ದರು. ಪೆಟ್ರೋಲ್ ಅಗ್ಗವಾಗಿದ್ದ ಕಾಲ ಅದು. ಶೋರೂಮಿನಲ್ಲೇ 3.90, 4.10ರಂಥ ಗೇರ್ ಆರ್ಡರ್ ಮಾಡಬಹುದಿತ್ತು.

1973ರ ತೈಲ ಬಿಕ್ಕಟ್ಟು ಎಲ್ಲವನ್ನೂ ಬದಲಿಸಿತು. 1974ರಲ್ಲಿ ಅಮೆರಿಕದಾದ್ಯಂತ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗಮಿತಿ ಬಂತು. 1975ರಲ್ಲಿ ಇಂಧನ ಮಿತವ್ಯಯದ ಕಾನೂನು ಬಂತು. ಕಂಪನಿ ಮಾರುವ ಎಲ್ಲಾ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಬೇಕು ಅಂತ ನಿಯಮ: 1978ರ ಮಾಡೆಲ್‌ಗಳಿಗೆ ಗ್ಯಾಲನ್‌ಗೆ 18 ಮೈಲಿ, 1985ಕ್ಕೆ 27.5. ತೀರಾ ಪೆಟ್ರೋಲ್ ಕುಡಿಯುವ ಕಾರಿನ ಮೇಲೆ ಪ್ರತ್ಯೇಕ ತೆರಿಗೆಯೂ ಬಂತು. ಎಂಜಿನ್ ಎಷ್ಟು ನಿಧಾನ ತಿರುಗುತ್ತದೋ ಅಷ್ಟು ಪೆಟ್ರೋಲ್ ಉಳಿತಾಯ. ಹಾಗಾಗಿ 2.73.

ಇದರ ಜೊತೆಗೆ ಫಾಕ್ಸ್ ಬಾಡಿಯ ಗೇರ್‌ಬಾಕ್ಸ್‌ನಲ್ಲಿ ಐದನೆಯದು 0.68ರ ಓವರ್‌ಡ್ರೈವ್, ಅಂದರೆ ಶಾಫ್ಟನ್ನು ಎಂಜಿನ್‌ಗಿಂತ ಜೋರಾಗಿ ತಿರುಗಿಸುವ ಗೇರ್. ಹಳೇ ಮಸಲ್ ಕಾರುಗಳಿಗೆ ಅದು ಇರಲಿಲ್ಲ. ನಾಲ್ಕನೆಯದೇ ಕೊನೆ, ಅದೂ 1.00. ಓವರ್‌ಡ್ರೈವ್ ಮತ್ತು 2.73 ಎರಡೂ ಸೇರಿದಾಗ ನಮ್ಮ ಕಾರು 100 ಕಿ.ಮೀ. ವೇಗದಲ್ಲಿ ಬರೀ 1,500 ಆರ್‌ಪಿಎಂನಲ್ಲಿ ತೂಕಡಿಸುತ್ತಾ ಹೋಗುತ್ತದೆ. ಹೈವೇಯಲ್ಲಿ ಯಾರನ್ನಾದರೂ ಹಿಂದಿಕ್ಕಬೇಕಾದರೆ ಐದರಿಂದ ಮೂರಕ್ಕೆ ಇಳಿಸಲೇಬೇಕು. ಫಾಕ್ಸ್ ಬಾಡಿಯವರು ಗೇರ್ ಬದಲಿಸಲು ಮುಗಿಬಿದ್ದದ್ದಕ್ಕೆ ಇದೇ ಕಾರಣ. ಕಂಪನಿ ಮೈಲೇಜ್ ಪರೀಕ್ಷೆಗಾಗಿ ಬಿಟ್ಟುಕೊಟ್ಟದ್ದನ್ನು ಅವರು ವಾಪಸ್ ಪಡೆಯುತ್ತಿದ್ದರು.

ಬದಲಿಗೆ ಏನು ಹೋಗುತ್ತದೆ?

3.73 ಹಾಕಿದರೆ ಐದನೇ ಗೇರ್‌ನಲ್ಲಿ 100 ಕಿ.ಮೀ.ಗೆ 1,500 ಬದಲು ಸುಮಾರು 2,070 ಆರ್‌ಪಿಎಂ. 4.10 ಹಾಕಿದರೆ 2,270. ಈ ಅಂಕಿಗಳೇನೂ ಭಯಪಡುವಂಥವಲ್ಲ. 0.68ನ್ನು 3.73ರಿಂದ ಗುಣಿಸಿದರೆ 2.54. ಅಂದರೆ ಹೊಸ ಗೇರ್ ಹಾಕಿದ ಮೇಲಿನ ಐದನೆಯದು, ಹಳೇ ಗೇರ್‌ನ ನಾಲ್ಕನೆಯದಕ್ಕಿಂತ ಇನ್ನೂ ಆರಾಮ. ಓವರ್‌ಡ್ರೈವ್ ಇಲ್ಲದ ಗೇರ್‌ಬಾಕ್ಸ್‌ಗೆ ಇದೇ ಟೈರಿನ ಜೊತೆ 4.10 ಹಾಕಿದರೆ ನೂರಕ್ಕೆ 3,300 ದಾಟುತ್ತದೆ. ಆ ಕಾರಿನಲ್ಲಿ ದೂರ ಪ್ರಯಾಣ ಶಿಕ್ಷೆಯೇ ಸರಿ.

ಮೈಲೇಜ್ ಹೈವೇಯಲ್ಲಿ ಇಳಿಯುತ್ತದೆ. ಕ್ಯಾಬಿನ್‌ನಲ್ಲಿ ಸದ್ದು ಹೆಚ್ಚುತ್ತದೆ. ಊರೊಳಗೆ ಒಂದನೇ ಗೇರ್ ಎಷ್ಟು ಬೇಗ ಮುಗಿಯುತ್ತದೆ ಅಂದರೆ, ಸಿಗ್ನಲ್‌ನಿಂದ ಹೊರಟು ರಸ್ತೆ ದಾಟುವಷ್ಟರಲ್ಲಿ ಎರಡನೆಯದಕ್ಕೆ ಕೈ ಹೋಗಿರುತ್ತದೆ. ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅನುಪಾತ ಹೆಚ್ಚಾದಷ್ಟೂ ಪಿನಿಯನ್‌ನ ಹಲ್ಲು ಕಡಿಮೆ, ಪಿನಿಯನ್ ಚಿಕ್ಕದು. 15 ಹಲ್ಲಿನದಕ್ಕಿಂತ 10 ಹಲ್ಲಿನದು ಬಡಕಲು. ಎಂಜಿನ್‌ಗೆ ಟರ್ಬೊ ಹಾಕಿಸಿ ಪವರ್ ದುಪ್ಪಟ್ಟು ಮಾಡುವ ಯೋಚನೆ ಇದ್ದವರಿಗೆ ಇದು ಮುಖ್ಯ.

ಸ್ಪೀಡೋಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ. ಈ ಕಾರಿನಲ್ಲಿ ಅದರ ಕೇಬಲ್ ತಿರುಗುವುದು ಗೇರ್‌ಬಾಕ್ಸ್‌ನ ಹಿಂಬದಿಯಿಂದ. ಅದಕ್ಕೆ ಗೊತ್ತಿರುವುದು ಶಾಫ್ಟ್‌ನ ವೇಗ ಮಾತ್ರ, ಚಕ್ರದ್ದಲ್ಲ. 3.73 ಹಾಕಿ ಹಾಗೇ ಬಿಟ್ಟರೆ ನಿಜವಾಗಿ 100ರಲ್ಲಿ ಹೋಗುವಾಗ ಮುಳ್ಳು 137 ತೋರಿಸುತ್ತದೆ. ಓಡಿದ ಕಿಲೋಮೀಟರ್ ಲೆಕ್ಕವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಪರಿಹಾರ ಅಗ್ಗ: ಕೇಬಲ್‌ನ ತುದಿಯಲ್ಲಿರುವ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಗೇರ್ ಬದಲಿಸುವುದು. ಹಲ್ಲಿನ ಸಂಖ್ಯೆಗೆ ತಕ್ಕಂತೆ ಅವು ಬೇರೆ ಬೇರೆ ಬಣ್ಣದಲ್ಲಿ ಬರುತ್ತವೆ. ಹೊಸ ಕಾರುಗಳಲ್ಲಾದರೆ ಕಂಪ್ಯೂಟರ್‌ನಲ್ಲಿ ಅಂಕಿ ತಿದ್ದಬೇಕು.

ಕಷ್ಟ ಇರುವುದು ಬಿಚ್ಚುವುದರಲ್ಲಿ ಅಲ್ಲ

ಈ ಮಸ್ಟ್ಯಾಂಗ್‌ನ ಹಿಂದಿನ ಆಕ್ಸಲ್‌ಗೆ ‘8.8’ ಅಂತ ಹೆಸರು. ಕ್ರೌನ್‌ನ ವ್ಯಾಸ 8.8 ಇಂಚು, ಸುಮಾರು 223 ಮಿ.ಮೀ. ಹಿಂಬದಿಯ ಮುಚ್ಚಳ ಬಿಚ್ಚಿದ ಕೂಡಲೇ ಕಪ್ಪು ಆಯಿಲ್ ಸುರಿಯುತ್ತದೆ, ಜೊತೆಗೆ ಕೊಳೆತ ಮೊಟ್ಟೆಯ ನೆನಪು ತರುವ ಘಾಟು. ಆ ಘಾಟು ಗಂಧಕದ್ದು. ಸಾಮಾನ್ಯ ಎಂಜಿನ್ ಆಯಿಲ್ ಇಲ್ಲಿ ಬಾಳುವುದಿಲ್ಲ. ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ಬಾರದೆ ಸ್ವಲ್ಪ ಕೆಳಗೆ ಬಂದು ಕೂಡುತ್ತದೆ. ಅಮೆರಿಕದ ಗ್ಲೀಸನ್ ಕಂಪನಿ 1920ರ ದಶಕದಲ್ಲಿ ರೂಪಿಸಿದ ಹೈಪಾಯ್ಡ್ ಅನ್ನುವ ವಿನ್ಯಾಸ ಇದು. ಇದರಿಂದ ಶಾಫ್ಟ್ ಕೆಳಗೆ ಇಳಿಯುತ್ತದೆ, ಕಾರಿನ ನೆಲ ತಗ್ಗಿಸಬಹುದು, ಹಲ್ಲುಗಳೂ ಸದ್ದಿಲ್ಲದೆ ತಿರುಗುತ್ತವೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಆ ಒತ್ತಡದಲ್ಲಿ ಲೋಹಕ್ಕೆ ಲೋಹ ಅಂಟದಂತೆ ತಡೆಯಲು ಗಂಧಕ, ರಂಜಕ ಸೇರಿಸಿದ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು.

ಬಿಚ್ಚುವ ಕೆಲಸ ಸರಾಗ. ನಡುವಿನ ಪಿನ್ ತೆಗೆದು, ಆಕ್ಸಲ್‌ಗಳನ್ನು ಒಳಕ್ಕೆ ತಳ್ಳಿ, ಅವನ್ನು ಹಿಡಿದಿಟ್ಟ ‘ಸಿ’ ಆಕಾರದ ಕ್ಲಿಪ್ ಉದುರಿಸಿದರೆ ಆಕ್ಸಲ್ ಹೊರಗೆ ಬರುತ್ತದೆ. ಬೇರಿಂಗ್ ಕ್ಯಾಪ್‌ಗಳಿಗೆ ಎಡ, ಬಲ ಅಂತ ಗುರುತು ಮಾಡಿಯೇ ಬಿಚ್ಚಬೇಕು. ಅವನ್ನು ಹೌಸಿಂಗ್‌ಗೆ ಕೂರಿಸಿಯೇ ಫ್ಯಾಕ್ಟರಿಯಲ್ಲಿ ಕೊರೆದಿರುತ್ತಾರೆ, ಅದಲುಬದಲಾದರೆ ಸರಿಯಾಗಿ ಕೂರುವುದಿಲ್ಲ. ಕ್ರೌನ್‌ಗೆ ಹತ್ತು ಬೋಲ್ಟ್. ಇಲ್ಲಿಯವರೆಗೆ ಯಾವ ಒಳ್ಳೆಯ ಮೆಕ್ಯಾನಿಕ್ ಬೇಕಾದರೂ ಮಾಡಬಲ್ಲ.

ಹೊಸ ಜೋಡಿಯನ್ನು ಕೂರಿಸುವಾಗಲೇ ನಿಜವಾದ ಪರೀಕ್ಷೆ. ಕ್ರೌನ್ ಮತ್ತು ಪಿನಿಯನ್ ಫ್ಯಾಕ್ಟರಿಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತಿರುತ್ತದೆ. ಒಂದರ ಪಿನಿಯನ್ ಇನ್ನೊಂದರ ಕ್ರೌನ್‌ಗೆ ಆಗುವುದಿಲ್ಲ. ಜೋಡಿ ಸರಿಯಿದ್ದರೂ ಅವು ಒಂದನ್ನೊಂದು ಎಷ್ಟು ಆಳಕ್ಕೆ, ಎಷ್ಟು ಸಡಿಲಕ್ಕೆ ಕಚ್ಚಬೇಕು ಅನ್ನುವುದನ್ನು ಕೂದಲೆಳೆಯ ದಪ್ಪದ ಅಳತೆಯಲ್ಲಿ ಹೊಂದಿಸಬೇಕು.

ಮೊದಲನೆಯದು ಪಿನಿಯನ್‌ನ ಆಳ. ಪಿನಿಯನ್ ತಲೆಯ ಹಿಂದೆ, ಬೇರಿಂಗ್‌ನ ಕೆಳಗೆ ಒಂದು ತೆಳು ಉಕ್ಕಿನ ಬಳೆ ಇರುತ್ತದೆ, ಅದೇ ಶಿಮ್. ಶಿಮ್ ದಪ್ಪವಾದರೆ ಪಿನಿಯನ್ ಕ್ರೌನ್‌ನ ಹತ್ತಿರ ಹೋಗುತ್ತದೆ, ತೆಳುವಾದರೆ ದೂರ. ತಪ್ಪಾದರೆ ಬೇರಿಂಗನ್ನು ಪ್ರೆಸ್‌ನಲ್ಲಿಟ್ಟು ಕಿತ್ತು, ಶಿಮ್ ಬದಲಿಸಿ, ಮತ್ತೆ ಒತ್ತಿ ಕೂರಿಸಬೇಕು. ಅನುಭವ ಇರುವವರು ಇದಕ್ಕೊಂದು ಉಪಾಯ ಇಟ್ಟುಕೊಂಡಿರುತ್ತಾರೆ. ಹಳೇ ಬೇರಿಂಗ್‌ನ ಒಳಗನ್ನು ಸ್ವಲ್ಪ ಉಜ್ಜಿ ದೊಡ್ಡದು ಮಾಡಿ, ಕೈಯಲ್ಲೇ ಹಾಕಿ ತೆಗೆಯುವಂತೆ ಮಾಡಿಕೊಂಡಿರುತ್ತಾರೆ. ಅದರಲ್ಲಿ ಅಳತೆ ನೋಡಿ ಮುಗಿಸಿ, ಕೊನೆಗೆ ಹೊಸ ಬೇರಿಂಗ್ ಒತ್ತುತ್ತಾರೆ.

ಎರಡನೆಯದು ಬ್ಯಾಕ್‌ಲ್ಯಾಶ್, ನಮ್ಮ ಕಡೆ ಸೀದಾ ‘ಪ್ಲೇ’ ಅನ್ನುತ್ತಾರೆ. ಪಿನಿಯನ್ ಅಲುಗಾಡದಂತೆ ಹಿಡಿದು ಕ್ರೌನನ್ನು ಹಿಂದೆ ಮುಂದೆ ಆಡಿಸಿದರೆ ಹಲ್ಲುಗಳ ನಡುವೆ ಒಂದಿಷ್ಟು ಸಡಿಲ ಇರಬೇಕು. 0.2ರಿಂದ 0.3 ಮಿ.ಮೀ. ಸಾಕು. ಡಯಲ್ ಗೇಜ್‌ನ ಮೂತಿಯನ್ನು ಕ್ರೌನ್‌ನ ಹಲ್ಲಿಗೆ ತಾಗಿಸಿ ಅಳೆಯುತ್ತಾರೆ. ಕಡಿಮೆಯಾದರೆ ಬಿಸಿಯಾಗಿ ಹಿಗ್ಗಿದಾಗ ಹಲ್ಲು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಜಾಸ್ತಿಯಾದರೆ ಗೇರ್ ಹಾಕಿದಾಗೆಲ್ಲ ‘ಟಕ್’ ಅನ್ನುತ್ತದೆ. ಎಡಗಡೆ ಶಿಮ್ ತೆಳು ಮಾಡಿ ಬಲಗಡೆ ದಪ್ಪ ಮಾಡುವುದು, ಅಥವಾ ಉಲ್ಟಾ, ಹೀಗೆ ಇದನ್ನು ಹೊಂದಿಸುತ್ತಾರೆ.

ಮೂರನೆಯದು ಪಿನಿಯನ್ ಬೇರಿಂಗ್‌ಗಳ ಬಿಗಿ. ಎರಡು ಬೇರಿಂಗ್‌ಗಳ ನಡುವೆ ಜಜ್ಜಿಹೋಗಲೆಂದೇ ಮಾಡಿದ ಒಂದು ಕೊಳವೆ ಇರುತ್ತದೆ. ಪಿನಿಯನ್ ನಟ್ ಬಿಗಿಯುತ್ತಾ ಹೋದಂತೆ ಅದು ಕುಗ್ಗುತ್ತದೆ. ಆರಂಭದಲ್ಲಿ ಮೈಭಾರ ಹಾಕಿ ಎಳೆದರೂ ಅಲುಗುವುದಿಲ್ಲ. ಕುಗ್ಗಲು ಶುರುವಾದ ಮೇಲೆ ನಟ್ ಕೂದಲೆಳೆಯಷ್ಟು ತಿರುಗಿದರೂ ಬಿಗಿ ಏರುತ್ತದೆ. ಹೊಸ ಬೇರಿಂಗ್ ಆದರೆ ಪಿನಿಯನ್ ತಿರುಗಿಸಲು ಬೇಕಾಗುವ ಬಲ 2ರಿಂದ 3 ನ್ಯೂಟನ್ ಮೀಟರ್ ಇರಬೇಕು. ಅದನ್ನು ದಾಟಿದರೆ ನಟ್ ಸಡಿಲಿಸಿ ಸರಿ ಮಾಡಲು ಆಗುವುದಿಲ್ಲ. ಜಜ್ಜಿದ ಕೊಳವೆ ವಾಪಸ್ ಉಬ್ಬುವುದಿಲ್ಲವಲ್ಲ! ಹೊಸದು ಹಾಕಿ ಮೊದಲಿನಿಂದ ಶುರು ಮಾಡಬೇಕು.

ಎಲ್ಲ ಸರಿಯಾಯಿತೇ ಅಂತ ಕೊನೆಗೆ ಹೇಳುವುದು ಬಣ್ಣ. ಕ್ರೌನ್‌ನ ನಾಲ್ಕೈದು ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು, ಸ್ವಲ್ಪ ತಡೆ ಕೊಟ್ಟು ತಿರುಗಿಸುತ್ತಾರೆ. ಪಿನಿಯನ್ ಒತ್ತಿದ ಕಡೆ ಬಣ್ಣ ಸರಿದು ಅಂಡಾಕಾರದ ಬೋಳು ಗುರುತು ಮೂಡುತ್ತದೆ. ಗುರುತು ಹಲ್ಲಿನ ನೆತ್ತಿಗೂ ಬುಡಕ್ಕೂ ನಡುವೆ ಇದ್ದರೆ ಆಳ ಸರಿ. ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಹತ್ತಿರ ಬಂದಿದೆ. ನೆತ್ತಿಗೆ ಏರಿದ್ದರೆ ದೂರ ಉಳಿದಿದೆ. ಸರಿಯಿಲ್ಲದಿದ್ದರೆ ಮತ್ತೆ ಎಲ್ಲ ಹೊರಗೆ. ಈ ಗುರುತು ಓದಲು ಬರದವರ ಕೈಗೆ ಕೆಲಸ ಕೊಟ್ಟರೆ ಕಾರು ಒಂದು ನಿರ್ದಿಷ್ಟ ವೇಗದಲ್ಲಿ ‘ಗುಯ್’ ಅಂತ ಕೊರೆಯುತ್ತಲೇ ಇರುತ್ತದೆ. ಅದಕ್ಕೇ ಗೇರ್ ಹಾಕಿಸಿದ ಕಾರು ಕೊಳ್ಳುವವರು ರೇಡಿಯೊ ಆಫ್ ಮಾಡಿ, ಆಕ್ಸಿಲರೇಟರ್ ಒತ್ತಿ ಮತ್ತು ಬಿಟ್ಟು, ಎರಡು ರೀತಿಯಲ್ಲೂ ಕೇಳಿಸಿಕೊಳ್ಳಬೇಕು.

ಬೇರೆ ಕಂಪನಿಯ ಆಕ್ಸಲ್‌ಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಜನರಲ್ ಮೋಟರ್ಸ್‌ನ ಹಳೇ 12 ಬೋಲ್ಟ್ ಆಕ್ಸಲ್‌ನಲ್ಲಿ ಅನುಪಾತ ಒಂದು ಮಟ್ಟ ದಾಟಿದರೆ ಕ್ರೌನ್ ಕೂರುವ ಕೇಸನ್ನೇ ಬದಲಿಸಬೇಕು. ಪಿನಿಯನ್ ಚಿಕ್ಕದಾದಂತೆ ಕ್ರೌನ್ ಅದರ ಕಡೆಗೆ ಇನ್ನಷ್ಟು ಸರಿಯಬೇಕಾಗುವುದೇ ಕಾರಣ. ಫೋರ್ಡ್ 8.8ಕ್ಕೆ ಈ ರಗಳೆ ಇಲ್ಲ.

ಮೊದಲ 800 ಕಿಲೋಮೀಟರ್

ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗಬೇಕು. ಆಗ ಬಿಸಿ ಜಾಸ್ತಿ ಹುಟ್ಟುತ್ತದೆ. ಮೊದಲ ಸಲ 20-30 ನಿಮಿಷ ಮೆತ್ತಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಹೀಗೆ ಕೆಲವು ಸಲ. ಭಾರ ಎಳೆಯುವುದು, ಪೂರ್ತಿ ಆಕ್ಸಿಲರೇಟರ್ ತುಳಿಯುವುದು ಬೇಡ. ಸುಮಾರು 800 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಬೇಕು, ಅದರಲ್ಲಿ ಲೋಹದ ಪುಡಿ ಸೇರಿರುತ್ತದೆ. 5.0 ಮಸ್ಟ್ಯಾಂಗ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವುದರಿಂದ ಆಯಿಲ್ ಜೊತೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಪುಟ್ಟ ಬಾಟಲಿಯನ್ನೂ ಸುರಿಯಬೇಕು. ಮರೆತರೆ ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಹಿಂಬದಿ ಗಡಗಡ ನಡುಗುತ್ತದೆ. ಗೇರ್ ಹಾಳಾಯಿತು ಅಂತ ಗಾಬರಿಬಿದ್ದು ಬಂದವರಲ್ಲಿ ಎಷ್ಟೋ ಜನರಿಗೆ ಬೇಕಾಗಿರುವುದು ಆ ಬಾಟಲಿ ಅಷ್ಟೇ.

ಯಾವ ಕಾರಿಗೆ ಯಾವುದು?

ಫಾಕ್ಸ್ ಬಾಡಿ ಮ್ಯಾನುಯಲ್‌ಗೆ, ದಿನಾ ಓಡಿಸುವ ಕಾರಾದರೆ, 3.55 ಇಲ್ಲವೇ 3.73 ಚೆನ್ನಾಗಿ ಹೊಂದುತ್ತದೆ. ವಾರದ ಕೊನೆಗೆ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗುವವರು, ಒಳ್ಳೆಯ ಟೈರ್ ಹಾಕಿದವರು 4.10 ಯೋಚಿಸಬಹುದು. ಮನೆ, ಆಫೀಸು, ನಡುವೆ 50 ಕಿ.ಮೀ. ಹೈವೇ ಅನ್ನುವವರಿಗೆ ಅದು ಅತಿಯಾಯಿತು. ಅದೇ ಕಾರಿನ ನಾಲ್ಕು ಗೇರ್‌ಗಳ ಆಟೊಮ್ಯಾಟಿಕ್‌ಗೆ ಬೇರೆ ಲೆಕ್ಕ. ಅದರ ಒಂದನೇ ಗೇರ್ ಬರೀ 2.40. ಹೊರಡುವಾಗ ಮ್ಯಾನುಯಲ್‌ಗಿಂತ ಎಷ್ಟೋ ಮಂಕು. ಅಂಥ ಕಾರಿಗೆ 3.73 ಹಾಕಿದಾಗ ವ್ಯತ್ಯಾಸ ಸೀಟಿನಲ್ಲಿ ಕೂತವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಈಗಿನ ಮಸ್ಟ್ಯಾಂಗ್‌ಗಳಿಗೆ ಬಂದರೆ ಸಮಸ್ಯೆಯ ಸ್ವರೂಪವೇ ಬದಲಾಗಿದೆ. 2018ರ ಮಾಡೆಲ್‌ನಿಂದ ಹತ್ತು ಗೇರ್‌ಗಳ ಆಟೊಮ್ಯಾಟಿಕ್ ಬಂತು. ಅದರ ಒಂದನೇ ಗೇರ್ 4.70ರ ಹತ್ತಿರ, ಹತ್ತನೆಯದು 0.64ರ ಹತ್ತಿರ. ಹೊರಡಲು ಬೇಕಾದ ಎಳೆತ, ಹೈವೇಗೆ ಬೇಕಾದ ನಿಧಾನ, ಎರಡೂ ಗೇರ್‌ಬಾಕ್ಸ್‌ನಲ್ಲೇ ಸಿಗುತ್ತವೆ. ಗೇರ್‌ಗಳ ನಡುವಿನ ಅಂತರವೂ ಚಿಕ್ಕದು, ಎಂಜಿನ್ ಪವರ್‌ನ ಜಾಗ ಬಿಟ್ಟು ಕೆಳಗೆ ಬೀಳುವುದೇ ಕಡಿಮೆ. ಇಂಥ ಕಾರಿನ ಒಂದನೇ ಗೇರ್‌ಗೆ ಇನ್ನಷ್ಟು ಎಳೆತ ಸೇರಿಸಿದರೆ ಟೈರ್ ಸುತ್ತುತ್ತದೆ, ಅಷ್ಟೇ. ಗೇರ್‌ಗೆ ಎತ್ತಿಟ್ಟ ದುಡ್ಡನ್ನು ಅಲ್ಲಿ ಮೊದಲು ಹಿಂದಿನ ಟೈರ್‌ಗಳಿಗೆ ಹಾಕುವುದೇ ವಾಸಿ.